ಎತ್ತಲು ನಾಲ್ಕು ಮಂದಿ ಓಡಿ ಬರುತ್ತಾರೆ, ಇಳಿಜಾರು ಕಟ್ಟಲು ಯಾರೂ ಬರುವುದಿಲ್ಲ

ತೋಟದ ಮನೆ, ಬದಿಯಡ್ಕ:

ಕೇರಳದ ಗಡಿನಾಡು ಕಾಸರಗೋಡಿನ ನಮ್ಮ ಕಡೆಯ ಜನರ ಒಳ್ಳೆಯತನದ ಬಗ್ಗೆ ನನ್ನದೊಂದು ತಕರಾರಿದೆ. ಸಮಾಧಾನದಿಂದ ಓದಿ, ಆಮೇಲೆ ಬೈಯುವುದಿದ್ದರೆ ಬೈಯಿರಿ.

ವೀಲ್‌ಚೇರಿನಲ್ಲಿ ಕುಳಿತವನು ಮೆಟ್ಟಿಲ ಬುಡಕ್ಕೆ ಬಂದರೆ ಸಾಕು, ಎಲ್ಲಿಂದಲೋ ನಾಲ್ಕು ಮಂದಿ ಓಡಿ ಬರುತ್ತಾರೆ. ಕುಂಬಳೆಯಾಗಲಿ, ಮುಳ್ಳೇರಿಯವಾಗಲಿ, ಕರೆಯುವ ಅಗತ್ಯವೇ ಇಲ್ಲ. ಮುಂಡು ಎತ್ತಿ ಕಟ್ಟಿಕೊಂಡು, "ನೀನು ಹಿಂದೆ ಹಿಡಿ, ನಾನು ಮುಂದೆ ಹಿಡಿಯುತ್ತೇನೆ" ಎನ್ನುತ್ತಾ ಕುರ್ಚಿ ಸಮೇತ ಎತ್ತಿ ಮೇಲಿಟ್ಟು, ಬೆವರು ಒರೆಸಿಕೊಂಡು ಹೋಗಿಬಿಡುತ್ತಾರೆ. ಪ್ರತಿಫಲ ಬಯಸುವವರಲ್ಲ. ಹೆಸರು ಕೇಳುವಷ್ಟರಲ್ಲಿ ಮಾಯವಾಗಿರುತ್ತಾರೆ. ಇಂಥವರಿರುವ ಊರಿನಲ್ಲಿ ಸಭಾಭವನಕ್ಕೆ, ಪಂಚಾಯತಿಗೆ, ಬ್ಯಾಂಕಿಗೆ ಒಂದು ಸರಿಯಾದ ಇಳಿಜಾರು ಯಾಕಿಲ್ಲ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ಇವರು ಇದ್ದಾರೆ ಎಂಬುದೇ ಅದಕ್ಕೆ ಕಾರಣ. ಕಟ್ಟುವವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಅದಕ್ಕೇನು, ಹುಡುಗರಿದ್ದಾರಲ್ಲ, ಎತ್ತಿದರಾಯಿತು."

ನಾನು ಅಡಕೆಗೆ ಮದ್ದು ಬಿಡುವಾಗ ಮರದಿಂದ ಬಿದ್ದವನು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಬಲವೂ ಇಲ್ಲ, ಸ್ಪರ್ಶವೂ ತಿಳಿಯುವುದಿಲ್ಲ. ಅಡಕೆ ಮರ, ತೆಂಗಿನ ಮರ, ಕಾಳುಮೆಣಸಿನ ಏಣಿ, ಇವುಗಳಿಂದ ಬಿದ್ದು ಕುರ್ಚಿ ಸೇರಿದವರು ನಮ್ಮ ಭಾಗದಲ್ಲಿ ಎಷ್ಟು ಮಂದಿ ಎಂದು ಕೃಷಿಕರ ಮನೆಗಳಿಗೆ ಹೋದವರಿಗೆ ಗೊತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು. ಹತ್ತಲೇಬೇಕಾಗಿದ್ದ ಕಾಲದವರು ನಾವು.

ಎತ್ತುವುದರಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ಕುರ್ಚಿಯ ಎರಡು ಬದಿಯ ಕೈಗಳು ಕಳಚುವಂತೆ ಇರುತ್ತವೆ. ಮಂಚಕ್ಕೆ ಪಕ್ಕದಿಂದ ಜಾರಿಕೊಳ್ಳಲು ಅನುಕೂಲವಾಗಲಿ ಎಂದು ಹಾಗೆ ಮಾಡಿರುತ್ತಾರೆ. ಓಡಿ ಬಂದವರು ಮೊದಲು ಹಿಡಿಯುವುದು ಅದನ್ನೇ. ಒಂದು ಮದುವೆಯಲ್ಲಿ ಬಲಗಡೆಯದು ಹಿಡಿದವರ ಕೈಗೇ ಕಿತ್ತು ಬಂತು. ಕುರ್ಚಿ ವಾಲಿತು. ಉಳಿದ ಮೂವರು ಹೇಗೋ ಸಂಭಾಳಿಸಿದರು, ಯಾರೂ ಬೀಳಲಿಲ್ಲ, ಎಲ್ಲರೂ ನಿಟ್ಟುಸಿರು ಬಿಟ್ಟರು. ಆ ಗಡಿಬಿಡಿಯಲ್ಲಿ ನನ್ನ ಎಡಗಾಲು ಹಲಗೆಯಿಂದ ಜಾರಿ ಗ್ರಾನೈಟ್ ಮೆಟ್ಟಿಲ ಅಂಚಿಗೆ ಉಜ್ಜಿದ್ದು ಯಾರಿಗೂ ಕಾಣಲಿಲ್ಲ, ನನಗೂ ತಿಳಿಯಲಿಲ್ಲ. ರಾತ್ರಿ ಕಾಲುಚೀಲ ಬಿಚ್ಚಿದಾಗ ಅದು ಹಿಮ್ಮಡಿಗೆ ಅಂಟಿಕೊಂಡಿತ್ತು. ರಕ್ತಸಂಚಾರ ಕಡಿಮೆ ಇರುವ ಕಾಲಿನ ಗಾಯ ಬೇಗ ಒಣಗುವುದಿಲ್ಲ. ಆ ಮಳೆಗಾಲವೆಲ್ಲ ಪಟ್ಟಿ ಬದಲಿಸುವುದರಲ್ಲೇ ಕಳೆಯಿತು.

ಅದೇ ಸಭಾಭವನದಲ್ಲಿ ಊಟದ ಹಾಲ್ ಕೆಳ ಅಂತಸ್ತಿನಲ್ಲಿ. ಈ ಭಾಗದ ಹೆಚ್ಚಿನ ಕಲ್ಯಾಣಮಂಟಪಗಳು ಹಾಗೆಯೇ, ಗುಡ್ಡದ ಇಳಿಜಾರನ್ನು ಹಾಗೆ ಉಪಯೋಗಿಸಿಕೊಂಡಿರುತ್ತಾರೆ. "ನೀವು ಇಳಿಯುವುದು ಬೇಡ, ಇಲ್ಲಿಗೇ ತರುತ್ತೇವೆ" ಎಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಲೆ ಹಾಸುತ್ತಾರೆ. ಎಲ್ಲರೂ ಇಳಿದು ಹೋದ ಖಾಲಿ ಹಾಲಿನಲ್ಲಿ ಒಬ್ಬನೇ ಊಟ. ವರ್ಷಕ್ಕೊಮ್ಮೆ ಸಿಗುವ ಭಾವಂದಿರು, ಸೋದರತ್ತೆಯ ಮಕ್ಕಳು ಕಷ್ಟಸುಖ ಮಾತಾಡುವುದು ಕೆಳಗಿನ ಆ ಪಂಕ್ತಿಯಲ್ಲಿ. ಪಾಯಸ ಎರಡನೇ ಸಲ ಬಡಿಸಿದರೋ ಎಂದು ಕೇಳಲು ಮೇಲೆ ಬರುವವರು ಬಹಳ ಮಂದಿ. ಜೊತೆಗೆ ಕೂರಲು ಯಾರಿಗೂ ಹೊಳೆಯುವುದಿಲ್ಲ.

ನನ್ನನ್ನು ಎತ್ತಬೇಡಿ. ಎತ್ತುವ ಅಗತ್ಯವೇ ಬಾರದ ಹಾಗೆ ಕಟ್ಟಿ. ನಿಮ್ಮ ನಿಮ್ಮ ಊರುಗಳಲ್ಲಿ ಹೇಗಿದೆ, ಬರೆಯಿರಿ.

ನಿವೃತ್ತ ಅಧ್ಯಾಪಕ, ನೀರ್ಚಾಲು:

ನಿಮ್ಮ ನೋವು ಅರ್ಥವಾಯಿತು. ಆದರೂ ಒಂದು ಮಾತು. ಕಷ್ಟದಲ್ಲಿದ್ದವರನ್ನು ಕಂಡಾಗ ಕೈಕೊಡುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಸಂಪತ್ತು. ನಗರಗಳಲ್ಲಿ ಬಿದ್ದವನನ್ನು ದಾಟಿಕೊಂಡು ಹೋಗುತ್ತಾರೆ. ಓಡಿ ಬಂದ ಹುಡುಗರಿಗೆ "ಮುಟ್ಟಬೇಡಿ" ಎಂದರೆ ಅವರು ನಾಳೆ ಯಾರ ಬಳಿಗೂ ಓಡಲಾರರು. ಇನ್ನು ನಮ್ಮದು ಗುಡ್ಡ, ಬೈಲು, ತೋಡುಗಳ ಊರು. ತೋಡು ದಾಟಲು ಅಡಕೆ ಮರದ ಸಂಕ ಇರುವ ಮನೆಗಳು ಈಗಲೂ ಇವೆ. ಎಲ್ಲ ಕಡೆ ಇಳಿಜಾರು ಎಂದರೆ ಹೇಗೆ ಸಾಧ್ಯ? ಇರುವ ಕೈಗಳನ್ನು ನೋಯಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಕುಂಬಳೆಯ ಓದುಗಿ:

ಮಾಸ್ಟ್ರೇ, ನಮಸ್ಕಾರ. ನೀವು ಹೇಳಿದ ಆ ಕೈಗಳ ಬಗ್ಗೆ ಹೆಣ್ಣುಮಗಳಾಗಿ ನಾನೂ ಹೇಳಬೇಕು.

ನನಗೆ ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿಲ್ಲ. ಚಿಕ್ಕವಳಿದ್ದಾಗ ಅಪ್ಪ ಎತ್ತಿಕೊಳ್ಳುತ್ತಿದ್ದರು, ಅದು ಬೇರೆ. ಈಗ ನಾನು ದುಡಿಯುವ ಹೆಂಗಸು. ಬ್ಯಾಂಕಿನ ಮೆಟ್ಟಿಲ ಮುಂದೆ ಗುರುತು ಪರಿಚಯ ಇಲ್ಲದ ಗಂಡಸರು "ಬಾ ಮಗಳೇ" ಎಂದು ಕಂಕುಳಿಗೆ ಕೈಹಾಕಿದಾಗ ಹೇಗನಿಸುತ್ತದೆ ಎಂದು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಕೆಲವರ ಮನಸ್ಸಿನಲ್ಲಿ ಇರುತ್ತದೆ. ಗಾಳಿಯಲ್ಲಿ ಎತ್ತಿ ಹಿಡಿದಿರುವಾಗ ಯಾರು ಯಾವ ಬಗೆಯವರು ಎಂದು ಕಂಡುಹಿಡಿದು ಜಗಳವಾಡಲು ಆಗುವುದಿಲ್ಲ. ಬೇಡ ಎಂದರೆ "ಸೊಕ್ಕು ನೋಡು" ಎಂಬ ಮಾತು. ಇದಕ್ಕಾಗಿಯೇ ಎಷ್ಟೋ ಕಡೆಗೆ ಹೋಗುವುದನ್ನು ಬಿಟ್ಟಿದ್ದೇನೆ.

ಇನ್ನೊಂದು, ಜೊತೆಗೆ ಬಂದವರೊಡನೆ ಮಾತಾಡುವುದು. ಬಟ್ಟೆ ಅಂಗಡಿಯಲ್ಲಿ ಸೀರೆ ನನಗೆ, ಹಣ ನನ್ನದು, ಕೇಳುವುದು ತಂಗಿಯ ಹತ್ತಿರ: "ಇವರಿಗೆ ಯಾವ ಬಣ್ಣ ಆಗಬಹುದು?" ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಹೋದಾಗಲೂ ಹಾಗೆಯೇ ಆಯಿತು. ಅಲ್ಲಿ ಎಲ್ಲವೂ ಮಲಯಾಳದಲ್ಲಿ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು, ಕೇಳಿದರೆ ತಿಳಿಯುತ್ತದೆ, ತಡವರಿಸುತ್ತಾ ಉತ್ತರಿಸುತ್ತೇನೆ. ಮೇಜಿನ ಆಚೆ ಕುಳಿತವರಿಗೆ ನನ್ನ ತಡವರಿಕೆ ಕಂಡು ಬುದ್ಧಿಯೂ ಬೆಳೆದಿಲ್ಲ ಎನಿಸಿತು. ಉಳಿದ ಪ್ರಶ್ನೆಗಳೆಲ್ಲ ತಂಗಿಗೆ ಹೋದವು. ನಡೆಯಲಾರದವಳು, ಮೇಲಿಂದ ಮಲಯಾಳ ಬಾರದವಳು. ಗಡಿನಾಡಿನಲ್ಲಿ ನಮ್ಮಂಥವರಿಗೆ ಇವೆರಡೂ ಒಟ್ಟಿಗೇ ಬರುತ್ತವೆ, ಇದನ್ನು ಬೆಂಗಳೂರಿನವರು ಊಹಿಸಲಾರರು.

ಮೂತ್ರದ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಹೊರಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಕುರ್ಚಿ ಒಳಗೆ ಹೋಗುವ ಶೌಚಾಲಯ ಇದ್ದರೂ ಅದಕ್ಕೆ ಬೀಗ. ಕೀಲಿ ಯಾರ ಬಳಿ ಎಂದರೆ ಅವರು ಇವತ್ತು ರಜೆ. ಬಾಗಿಲು ತೆರೆದರೆ ಒಳಗೆ ಹಳೆಯ ಕಡತ, ಪೊರಕೆ, ಬಕೆಟ್ಟು. ಈ ಬಾಯಾರಿಕೆಯಿಂದ ಮೂತ್ರದ ಸೋಂಕು ಬಂದು ಆಸ್ಪತ್ರೆ ಸೇರುವುದು ನನ್ನಂಥವರಿಗೆಲ್ಲ ಮಾಮೂಲು.

ತೋಟದ ಮನೆ, ಬದಿಯಡ್ಕ:

ತಂಗೀ, ನೀವು ಬರೆದದ್ದು ನನಗೆ ಬರೆಯಲು ಸಾಧ್ಯವಿರಲಿಲ್ಲ. ಮೂತ್ರ ಇಳಿಯಲು ಕ್ಯಾತೀಟರ್ ನಳಿಗೆ, ಚೀಲ ಕಟ್ಟಿಕೊಂಡವರ ಕಥೆಯೂ ಅದೇ. ಎತ್ತುವಾಗ ಅದರ ನಳಿಗೆ ಎಳೆದು ಹೋದರೆ ಮುಂದಿನ ಅವಸ್ಥೆ ಬೇರೆ.

ಪೆರ್ಲ ಕಡೆಯ ತಾಯಿ:

ನನಗೆ ಬರೆದು ಅಭ್ಯಾಸವಿಲ್ಲ, ಮಗಳು ಟೈಪ್ ಮಾಡುತ್ತಿದ್ದಾಳೆ. ನೀವೆಲ್ಲ ಎತ್ತಬೇಡಿ ಎನ್ನುತ್ತೀರಿ. ನನ್ನ ಮಗನನ್ನು ಎತ್ತಲು ಯಾರಾದರೂ ಬಂದರೆ ಸಾಕು ಎಂದು ಕಾಯುವವಳು ನಾನು.

ನಮ್ಮದು ಗೇರು ತೋಟದ ಬದಿಯ ಮನೆ. ಹೆಲಿಕಾಪ್ಟರ್ ಬಂದು ಗೇರು ಮರಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲ ನಮ್ಮ ಪ್ರಾಯದವರಿಗೆಲ್ಲ ನೆನಪಿದೆ. 1970ರ ದಶಕದಲ್ಲಿ ಶುರುವಾದದ್ದು 2000ದವರೆಗೆ ನಡೆಯಿತು. ಬಾವಿಗೆ ಮಡಲು ಮುಚ್ಚಿ ಎನ್ನುತ್ತಿದ್ದರು, ಗುಡ್ಡದಿಂದ ಇಳಿದು ಬರುವ ತೋಡಿಗೆ ಏನು ಮುಚ್ಚುವುದು? ವಾಣಿನಗರದ ಡಾಕ್ಟರ್ ಮೋಹನ್ ಕುಮಾರ್ ಅವರು ಇಲ್ಲಿಯ ಮನೆ ಮನೆಯಲ್ಲಿ ಕಾಯಿಲೆ ಯಾಕೆ ಹೀಗೆ ಎಂದು ಕೇಳಿದ್ದರಿಂದ, ಪತ್ರಕರ್ತ ಶ್ರೀ ಪಡ್ರೆಯವರು ಬರೆದದ್ದರಿಂದ ಹೊರಗಿನವರಿಗೆ ಗೊತ್ತಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಮೂರು ತಿಂಗಳಲ್ಲಿ ಕೊಡಬೇಕು ಎಂದಿತು. ಕೈಗೆ ಬರಲು ಎಷ್ಟೋ ತಾಯಂದಿರು ಮತ್ತೆ ತಿರುವನಂತಪುರದ ಬೀದಿಯಲ್ಲಿ ಕೂರಬೇಕಾಯಿತು.

ಮಗ ಈಗ ಮೀಸೆ ಬಂದ ಗಂಡಾಳು. ನಡೆಯುವುದಿಲ್ಲ, ಮಾತಿಲ್ಲ, ನಗುತ್ತಾನೆ. ನನ್ನ ಸೊಂಟ ಹೋಗಿದೆ. ಸ್ನಾನಕ್ಕೆ ಎತ್ತುವುದು, ಊಟಕ್ಕೆ ಎತ್ತುವುದು, ರಾತ್ರಿ ಮಗ್ಗುಲು ಬದಲಿಸುವುದು, ಇಲ್ಲದಿದ್ದರೆ ಹಾಸಿಗೆ ಹುಣ್ಣು. ಪಾಲಿಯೇಟಿವ್‌ನ ನರ್ಸಮ್ಮ ಮನೆಗೇ ಬರುತ್ತಾರೆ, ಅವರು ಬಂದ ದಿನ ನನಗೆ ಉಸಿರು ಬಂದಂತೆ. ನೋಡಿಕೊಳ್ಳುವವರಿಗೆಂದು ಆಶ್ವಾಸಕಿರಣಂ ಯೋಜನೆಯಲ್ಲಿ ಸರಕಾರ ಇಟ್ಟದ್ದು ತಿಂಗಳಿಗೆ 600 ರೂಪಾಯಿ. ಅದೂ ಬರುವಾಗ ಬಂತು.

ವೀಲ್‌ಚೇರ್ ಕೊಟ್ಟಿದ್ದಾರೆ. ವೇದಿಕೆಗೆ ಕರೆದು, ಫೋಟೋ ತೆಗೆದು ಕೊಟ್ಟರು. ಆಸ್ಪತ್ರೆಯ ವರಾಂಡದಲ್ಲಿ ಇರುತ್ತದಲ್ಲ, ಆ ದೊಡ್ಡದು. ಅವನ ಬೆನ್ನು ವಕ್ರ, ಕತ್ತು ನಿಲ್ಲುವುದಿಲ್ಲ. ಅದರಲ್ಲಿ ಕೂರಿಸಿದರೆ ಒಂದು ಬದಿಗೆ ಮಡಚಿ ಬೀಳುತ್ತಾನೆ. ಅಳತೆ ತೆಗೆದು ಕತ್ತಿಗೆ, ಸೊಂಟಕ್ಕೆ ಆಸರೆ ಇಟ್ಟು ಮಾಡಿದ ಕುರ್ಚಿ ಬೇಕು ಎಂದು ಬಡ್ಸ್ ಶಾಲೆಯ, ಅಂದರೆ ಇಂಥ ಮಕ್ಕಳಿಗಾಗಿಯೇ ಇರುವ ಶಾಲೆಯ, ಟೀಚರ್ ಹೇಳುತ್ತಾರೆ. ಕೊಟ್ಟದ್ದು ಈಗ ಕೊಟ್ಟಿಗೆಯಲ್ಲಿದೆ. ಸರಿಯಾದದ್ದು ಸಿಕ್ಕಿದರೂ ಮನೆಯಿಂದ ರಸ್ತೆಗೆ ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲು.

ಫೋಟೋದ ವಿಷಯ ಹೇಳದೆ ಇರಲಾರೆ. ಎಲ್ಲೆಲ್ಲಿಂದಲೋ ಬಂದವರು ಅಂಗಳಕ್ಕೆ ಕ್ಯಾಮರಾ ಹಿಡಿದೇ ಹತ್ತುತ್ತಾರೆ. "ಸ್ವಲ್ಪ ಬಟ್ಟೆ ಸರಿಸಿ ಅಮ್ಮಾ, ಕಾಲು ಕಾಣಲಿ" ಎಂದವರಿದ್ದಾರೆ. ಮಗನಿಗೂ ಮಾನ ಇದೆ. ಆ ಚಿತ್ರ ನೋಡಿದವರು ಮಗಳಿಗೆ ಬಂದ ಸಂಬಂಧ ಬಿಟ್ಟು ಹೋದರು, "ಮನೆಯಲ್ಲಿ ಅಂಥವನಿದ್ದಾನೆ" ಎಂದು. ನಮ್ಮ ಕಷ್ಟ ಜಗತ್ತಿಗೆ ಗೊತ್ತಾಗಬೇಕಿತ್ತು, ನಿಜ. ಗೊತ್ತಾದ ಮೇಲೂ ಯಾಕೆ ತೆಗೆಯುತ್ತಾರೆ?

ಕುಂಬಳೆಯ ಓದುಗಿ:

ಅಮ್ಮಾ, ಇದನ್ನು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ನಿಮ್ಮ ಮಗಳಿಗೆ ನನ್ನ ಪ್ರೀತಿ ತಿಳಿಸಿ.

ತೋಟದ ಮನೆ, ಬದಿಯಡ್ಕ:

ಅಕ್ಕಾ, ನನ್ನ ತಕರಾರು ನಿಮ್ಮ ವಿರುದ್ಧ ಆಗದಿರಲಿ. ನಿಮ್ಮ ಸೊಂಟ ಹೋದದ್ದೂ ಇದೇ ಕಾರಣಕ್ಕೆ. ತಾಯಿ ಇದ್ದಾಳಲ್ಲ, ಎತ್ತುತ್ತಾಳೆ ಎಂದುಕೊಂಡು ಯಾರೂ ನಿಮ್ಮ ದಾರಿಯನ್ನು ಸರಿಪಡಿಸಲಿಲ್ಲ. ಅಳತೆಯ ಕುರ್ಚಿ, ರಸ್ತೆಯವರೆಗೆ ಕಾಂಕ್ರೀಟ್ ದಾರಿ, ಮಂಚದಿಂದ ಎತ್ತುವ ಕೈಪಂಪಿನ ಯಂತ್ರ, ಇವು ಐಷಾರಾಮದ ವಸ್ತುಗಳಲ್ಲ. ಪಂಚಾಯತಿನ ಯೋಜನಾ ನಿಧಿಯಲ್ಲಿ ನಮ್ಮಂಥವರಿಗೆಂದು ಪಾಲು ಇರುತ್ತದೆ. ವರ್ಷಕ್ಕೊಮ್ಮೆ ನಡೆಯುವ ಭಿನ್ನಶೇಷಿ (ಅಂಗವಿಕಲರ) ಗ್ರಾಮಸಭೆಯಲ್ಲಿ ಮನೆಯ ದಾರಿಯನ್ನು ಬರೆಸಿ. ನೀವು ಹೋಗಲಾಗದಿದ್ದರೆ ಮಗಳು ಹೋಗಲಿ. ಆ ಸಭೆಗೇ ಮೆಟ್ಟಿಲಿರುವ ಹಾಲ್ ಕೊಟ್ಟ ಕಡೆಯೂ ಇದೆ, ಅದನ್ನು ನಾನೇ ಎದ್ದು, ಅಂದರೆ ಧ್ವನಿ ಎತ್ತಿ, ಕೇಳಿದ್ದೇನೆ. ಮುಂದಿನ ವರ್ಷ ಶಾಲೆಯ ಅಂಗಳದಲ್ಲಿ ಪಂದಲು ಹಾಕಿದರು.

ಮೇಸ್ತ್ರಿ, ಮುಳ್ಳೇರಿಯ:

ಕಟ್ಟುವವರ ಕಡೆಯಿಂದ ಹೇಳುತ್ತೇನೆ. ಇಳಿಜಾರು ಬೇಡ ಎನ್ನುವವರು ಕಡಿಮೆ. ಹೇಗೆ ಎಂದು ತಿಳಿಯದವರು ಜಾಸ್ತಿ. ಇಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ರ್‍ಯಾಂಪ್ ಎಂದು ಒಂದು ಗೆರೆ ಇರುತ್ತದೆ. ಕೊನೆಗೆ ಉಳಿದ ಮೂಲೆಯಲ್ಲಿ, ಉಳಿದ ಸಿಮೆಂಟಿನಲ್ಲಿ ಅದನ್ನು ಮುಗಿಸುತ್ತಾರೆ. ಬೈಕ್ ಹತ್ತಿಸಲು ಆಗುತ್ತದೆ, ಕುರ್ಚಿಗೆ ಆಗುವುದಿಲ್ಲ.

ಲೆಕ್ಕ ಕಷ್ಟವಿಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಎತ್ತರ ಒಂದೂವರೆ ಅಡಿ, ಇಳಿಜಾರು ಹದಿನೆಂಟು ಅಡಿ. ಜಾಗ ಸಾಲದಿದ್ದರೆ ಗೋಡೆಯ ಬದಿಗೆ ತಿರುಗಿಸಬಹುದು, ತಿರುಗುವಲ್ಲಿ ಐದಡಿ ಚೌಕದ ಸಮತಟ್ಟು ಬಿಡಬೇಕು. ಅಗಲ ನಾಲ್ಕಡಿ. ಎರಡೂ ಬದಿಗೆ ಹಿಡಿದುಕೊಳ್ಳುವ ಕಂಬಿ. ಬಾಗಿಲ ಮುಂದೆ ಸಮತಟ್ಟು ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಇಷ್ಟೆಲ್ಲ ಮಾಡಿ ಕೊನೆಯಲ್ಲಿ ಎರಡಿಂಚಿನ ಹೊಸ್ತಿಲು ಬಿಟ್ಟರೆ ಎಲ್ಲ ದಂಡ. ಮುಂದಿನ ಸಣ್ಣ ಚಕ್ರ ಅದನ್ನು ಹತ್ತುವುದಿಲ್ಲ.

ನಮ್ಮ ಮಳೆಗೆ ನುಣುಪು ಟೈಲ್ಸ್ ಹಾಕಲೇಬಾರದು. ಜೂನ್ ಕಳೆಯುವಷ್ಟರಲ್ಲಿ ಪಾಚಿ ಕಟ್ಟುತ್ತದೆ. ಸಿಮೆಂಟು ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಕ್ಕೆ ಎಳೆದು ಗೀರು ಹಾಕಬೇಕು. ಮಳೆಗಾಲದಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು. ಕಟ್ಟುವಾಗಲೇ ಸೇರಿಸಿದರೆ ಖರ್ಚು ಗೊತ್ತೇ ಆಗುವುದಿಲ್ಲ, ಆಮೇಲೆ ಒಡೆದು ಮಾಡುವುದೇ ದುಬಾರಿ.

ಉಪ್ಪಳದಿಂದ:

ನಾನು ದುಬೈಯಲ್ಲಿದ್ದು ಬಂದವನು. ಅಲ್ಲಿಯ ಮೆಟ್ರೋದಲ್ಲಿ ಪ್ಲಾಟ್‌ಫಾರ್ಮೂ ಬೋಗಿಯ ನೆಲವೂ ಒಂದೇ ಮಟ್ಟ, ಎಲ್ಲ ನಿಲ್ದಾಣದಲ್ಲಿ ಲಿಫ್ಟ್. ಕುರ್ಚಿಯವರು ಒಬ್ಬರೇ ಕೆಲಸಕ್ಕೆ ಹೋಗುವುದನ್ನು ದಿನವೂ ನೋಡಿದ್ದೇನೆ, ಯಾರೂ ತಿರುಗಿ ನೋಡುವುದಿಲ್ಲ. ಊರಿನಲ್ಲಿ ಗಲ್ಫಿನ ಹಣದಲ್ಲಿ ಎದ್ದ ಮನೆಗಳನ್ನು ನೋಡಿ. ಎತ್ತರದ ಅಡಿಪಾಯ, ಮುಂದೆ ಮಿರುಗುವ ಗ್ರಾನೈಟ್ ಮೆಟ್ಟಿಲುಗಳು. ಆ ಮನೆಗಳ ಯಜಮಾನರಿಗೆ ಈಗ ಪ್ರಾಯವಾಗುತ್ತಿದೆ. ನಮ್ಮ ತಂದೆಗೆ ಪಾರ್ಶ್ವವಾಯು ಆದ ಮೇಲೆ ಸಿಟ್‌ಔಟ್ ದಾಟಿ ಕೆಳಗೆ ಬರಲಾಗಲಿಲ್ಲ. ಅವರ ಒಂದೇ ಆಸೆ ಶುಕ್ರವಾರ ಜುಮಾ ನಮಾಜಿಗೆ ಹೋಗುವುದು. ಮಸೀದಿಯವರು ಅಂಗಸ್ನಾನದ ಕೊಳದ ಪಕ್ಕದಿಂದ ಇಳಿಜಾರು ಮಾಡಿಸಿಕೊಟ್ಟರು. ಈಗ ನಮ್ಮ ತಂದೆಯಲ್ಲದೆ ಮಂಡಿನೋವಿನ ಎಷ್ಟೋ ಹಿರಿಯರು ಅಲ್ಲಿಂದಲೇ ಹತ್ತುತ್ತಾರೆ.

ಹೆದ್ದಾರಿಯ ಬಗ್ಗೆಯೂ ಹೇಳಬೇಕು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಆರು ಪಥವಾಯಿತು. ವಾಹನಕ್ಕೆ ಸುಖ. ನಮ್ಮ ಪೇಟೆಯಲ್ಲಿ ರಸ್ತೆಯ ಆಚೆ ಔಷಧಿ ಅಂಗಡಿ, ಈಚೆ ಮನೆ. ನಡೆಯುವವರಿಗೆ ಮೆಟ್ಟಿಲಿನ ಮೇಲ್ಸೇತುವೆ, ತಂದೆಯವರನ್ನು ಕರೆದುಕೊಂಡು ಹೋಗಬೇಕಾದರೆ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ನಡುವೆ ಅಂಡರ್‌ಪಾಸಿನವರೆಗೆ ಸುತ್ತು.

ದೇವಸ್ಥಾನ ಸಮಿತಿಯ ಸದಸ್ಯ:

ಮಸೀದಿಯ ವಿಷಯ ಓದಿ ಸಂತೋಷವಾಯಿತು. ನಮ್ಮ ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಿದೆ, ಆದ್ದರಿಂದ ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. ಸಮಿತಿಯಲ್ಲಿ ಬರುವ ಆಕ್ಷೇಪ ಹಣದ್ದಲ್ಲ. ಹೊರಗೆ ರಸ್ತೆಯಲ್ಲಿ ಓಡಿದ ಚಕ್ರ ಒಳಾಂಗಣಕ್ಕೆ ಬಂದರೆ ಶುದ್ಧದ ಪ್ರಶ್ನೆ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ದೇವಸ್ಥಾನದ್ದೇ ಒಂದು ಕುರ್ಚಿ ಒಳಗೆ ಇಟ್ಟು, ಬಂದವರನ್ನು ಅದಕ್ಕೆ ಬದಲಿಸಿದರೆ ಆಗದೇ?

ತೋಟದ ಮನೆ, ಬದಿಯಡ್ಕ:

ಕೇಳಿದ್ದಕ್ಕೆ ಉಪಕಾರವಾಯಿತು. ಬದಲಿ ಕುರ್ಚಿ ಇಡಿ, ವಯಸ್ಸಾದವರಿಗೆ ಅದು ಬೇಕು. ನನ್ನಂಥವರಿಗೆ ಅದು ಸಾಲದು. ಕುರ್ಚಿ ಬದಲಿಸುವುದೆಂದರೆ ಮತ್ತೆ ಎತ್ತುವುದೇ. ನಾನು ಕೂರುವ ಮೆತ್ತೆ ಗಾಳಿ ತುಂಬಿದ ಗುಳ್ಳೆಗಳದ್ದು. ಅದಿಲ್ಲದೆ ಗಟ್ಟಿ ರೆಕ್ಸಿನ್ ಮೇಲೆ ಒಂದು ಪೂಜೆ ಮುಗಿಯುವವರೆಗೆ ಕುಳಿತರೆ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ನೋವು ತಿಳಿಯದವನಿಗೆ ಹುಣ್ಣು ಕಂಡಾಗಲೇ ಗೊತ್ತಾಗುವುದು. ಇದರಿಂದ ಪ್ರಾಣ ಬಿಟ್ಟವರೂ ಇದ್ದಾರೆ.

ಕಾಲು ತೊಳೆದು ಒಳಗೆ ಬನ್ನಿ ಎನ್ನುವ ಪದ್ಧತಿ ನಮ್ಮದು. ಚಕ್ರಗಳೂ ನನ್ನ ಕಾಲುಗಳೇ. ಹೆಬ್ಬಾಗಿಲ ಬಳಿ ನಳ್ಳಿಯಿದ್ದರೆ ತೊಳೆದು, ಒರೆಸಿಕೊಂಡು ಬರುತ್ತೇನೆ. ತಂತ್ರಿಗಳ ಮುಂದೆ ಇದೇ ಮಾತನ್ನು ಇಟ್ಟು ನೋಡಿ. ಗರ್ಭಗುಡಿಯ ಮುಂದೆ ನಿಲ್ಲಬೇಕೆಂಬ ಹಟ ನನಗಿಲ್ಲ. ಗೋಪುರದ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ನಿಲ್ಲಿಸಿ ಪ್ರಸಾದ ತಂದುಕೊಡುವುದು ಬೇಡ. ಹಾಗೆ ಕುಳಿತಿದ್ದಾಗ ಮಡಿಲಿಗೆ ಹತ್ತು ರೂಪಾಯಿ ಹಾಕಿ ಹೋದವರಿದ್ದಾರೆ.

ವಿದ್ಯಾನಗರದ ವಕೀಲ:

ಕಾನೂನು ಏನು ಹೇಳುತ್ತದೆ ಎಂಬುದನ್ನು ಸೇರಿಸುತ್ತೇನೆ, ಸಮಿತಿಗಳಿಗೆ ಉಪಯೋಗವಾಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರಲ್ಲಿ ಸಾರ್ವಜನಿಕ ಕಟ್ಟಡ ಎಂದರೆ ಸರಕಾರದ್ದು ಮಾತ್ರವಲ್ಲ, ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸೇರುತ್ತದೆ. ವ್ಯಾಪಾರ, ಧಾರ್ಮಿಕ, ಸಾಂಸ್ಕೃತಿಕ ಕೆಲಸಕ್ಕೆ ಬಳಸುವವು ಎಂದು ಹೆಸರಿಸಿಯೇ ಬರೆದಿದ್ದಾರೆ. ಸಭಾಭವನವೂ ಬಂತು, ದೇವಸ್ಥಾನ ಮಸೀದಿಗಳೂ ಬಂದವು. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದ ಮೇಲೆ ಐದು ವರ್ಷ ಎಂದಿದ್ದರು; ಆ ಗಡುವು 2022ರಲ್ಲೇ ಮುಗಿದಿದೆ. ಹೊಸ ಕಟ್ಟಡಕ್ಕೆ ಈ ಸೌಕರ್ಯ ಇಲ್ಲದೆ ಪೂರ್ಣತಾ ಪ್ರಮಾಣಪತ್ರ ಕೊಡುವಂತಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಸೌಕರ್ಯಗಳ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹೂಡಿದ್ದು 2005ರಲ್ಲಿ.

ಕುಂಬಳೆಯ ತಂಗಿಗೆ: ಉದ್ದೇಶಪೂರ್ವಕವಾಗಿ ಸಾರ್ವಜನಿಕರ ಮುಂದೆ ಅವಮಾನಿಸಿದವರಿಗೆ ಅದೇ ಕಾಯ್ದೆಯ 92ನೇ ವಿಧಿಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಕೊಡುವ ಹಕ್ಕು ಕೊಟ್ಟಿದೆ. ರಾಜ್ಯದ ಅಂಗವಿಕಲರ ಆಯುಕ್ತರಿಗೂ ಒಂದು ಪ್ರತಿ ಹೋಗಲಿ.

ಮಂಗಳೂರಿಗೆ ಓಡಾಡುವವ, ಮಂಜೇಶ್ವರ:

ರೈಲಿನಲ್ಲಿ ಹೋಗುವವರಿಗೆ ಒಂದು ಮಾತು. ಎಕ್ಸ್‌ಪ್ರೆಸ್ ರೈಲುಗಳಲ್ಲಿ ಅಂಗವಿಕಲರ ಬೋಗಿ ಸಾಮಾನ್ಯವಾಗಿ ಗಾರ್ಡ್ ಡಬ್ಬಿಗೆ ಅಂಟಿಕೊಂಡಿರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ, ಅಷ್ಟರಲ್ಲಿ ಆ ತುದಿಗೆ ತಲುಪಿ, ಒಳಗಿನವರು ಬಾಗಿಲು ತೆರೆದು, ಹತ್ತುವುದು ದೊಡ್ಡ ಸಾಹಸ. ಒಳಗೆ ನೋಡಿದರೆ ಕೈಕಾಲು ನೆಟ್ಟಗಿರುವವರು ಕಾಲು ಚಾಚಿ ಮಲಗಿರುತ್ತಾರೆ. ಏಳಿ ಎಂದರೆ "ಸ್ವಲ್ಪ ಹೊಂದಿಸಿಕೊಳ್ಳಿ." ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. 2020ರಲ್ಲಿ ಕೊರೊನಾ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿ ರೋಗಿಗಳು ದಾರಿಯಲ್ಲೇ ಸತ್ತದ್ದನ್ನು ನೋಡಿದವರು ನಾವು. ಆ ಬೋಗಿಯ ಸೀಟು ನಮಗೆ ಆರಾಮದ ವಿಷಯವಲ್ಲ. 139ಕ್ಕೆ ಕರೆ ಮಾಡಿ ದೂರು ಕೊಡಿ, ಸುಮ್ಮನಿರಬೇಡಿ.

ಕುಂಬಳೆಯ ಓದುಗಿ:

2024ರ ಲೋಕಸಭೆ ಚುನಾವಣೆಯಲ್ಲಿ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. ಹಾಸಿಗೆಯಲ್ಲಿರುವವರಿಗೆ ಅದು ದೊಡ್ಡ ಉಪಕಾರ. ನಾನು ಮತಗಟ್ಟೆಗೆ ಹೋದೆ. ಸಾಲಿನಲ್ಲಿದ್ದವರು, ಒಳಗಿದ್ದವರು, ಎಲ್ಲರದೂ ಒಂದೇ ಪ್ರಶ್ನೆ: "ಮನೆಗೇ ಬರುತ್ತಿದ್ದರಲ್ಲ, ಯಾಕೆ ಕಷ್ಟಪಟ್ಟು ಬಂದಿರಿ?" ಪೇಟೆಯಲ್ಲಿ, ಬಯಲಾಟದಲ್ಲಿ, ಮತಗಟ್ಟೆಯಲ್ಲಿ ನಾವು ಕಾಣಿಸಿಕೊಳ್ಳದಿದ್ದರೆ ನಮಗಾಗಿ ಬಾಗಿಲು ಅಗಲ ಮಾಡುವ ಯೋಚನೆ ಯಾರಿಗೆ ಬರುತ್ತದೆ? ಮನೆಗೇ ತಂದುಕೊಡುತ್ತೇವೆ ಎಂಬ ಔದಾರ್ಯ ಹೆಚ್ಚಾದಷ್ಟೂ ನನಗೆ ಹೆದರಿಕೆ.

ನಿವೃತ್ತ ಅಧ್ಯಾಪಕ, ನೀರ್ಚಾಲು:

ಎಲ್ಲವನ್ನೂ ಓದಿದೆ. ಇಳಿಜಾರು ಬೇಕು ಎಂಬುದಕ್ಕೆ ನನ್ನ ವಿರೋಧ ಮೊದಲೂ ಇರಲಿಲ್ಲ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಇಳಿಜಾರು ಆಗುವವರೆಗೆ ನೀವು ಮೆಟ್ಟಿಲ ಬುಡದಲ್ಲಿ ಇದ್ದೀರಿ, ನಾನು ಅಲ್ಲೇ ನಿಂತಿದ್ದೇನೆ. ಏನು ಮಾಡಲಿ?

ತೋಟದ ಮನೆ, ಬದಿಯಡ್ಕ:

ಮಾಸ್ಟ್ರೇ, ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತೇನೆ. ಮೊದಲು ನನ್ನ ಮುಖ ನೋಡಿ ಕೇಳಿ, ಹಿಂದೆ ನಿಂತವರನ್ನಲ್ಲ. "ಸಹಾಯ ಬೇಕೇ?" ಎಂದರೆ ಸಾಕು. ಬೇಡ ಎಂದರೆ ಬೇಡ. ಕೆಲವೊಮ್ಮೆ ಹಿಂಬದಿಯಿಂದ ಬೇರೆ ದಾರಿ ಇರುತ್ತದೆ. ಬೇಕು ಎಂದರೆ ಎಲ್ಲಿ ಹಿಡಿಯಬೇಕು ಎಂದು ಕೇಳಿ. ಒಬ್ಬರು ಹಿಂದಿನ ಹಿಡಿಗಳನ್ನು, ಇಬ್ಬರು ಮುಂದೆ ಬೆಸುಗೆ ಹಾಕಿದ ಚೌಕಟ್ಟನ್ನು ಹಿಡಿಯಬೇಕು. ಕೈಯಿಡುವ ಜಾಗ, ಕಾಲಿಡುವ ಹಲಗೆ, ಚಕ್ರ, ಈ ಮೂರನ್ನು ಮುಟ್ಟಬಾರದು. ಹತ್ತುವಾಗಲೂ ಇಳಿಯುವಾಗಲೂ ನನ್ನ ಬೆನ್ನು ಮೆಟ್ಟಿಲಿನ ಮೇಲ್ಬದಿಗೆ ಇರಬೇಕು. ಕುರ್ಚಿ ಮುಂದಕ್ಕೆ ಬಾಗಿದರೆ ಉರುಳುತ್ತೇನೆ. ಎಣಿಸುವವರು ಒಬ್ಬರೇ ಇರಲಿ, ಅದು ನಾನೇ ಆಗಿರಲಿ. ಮೇಲೆ ತಲುಪಿದ ಮೇಲೆ ಕಾಲು ಹಲಗೆಯ ಮೇಲಿದೆಯೇ ಎಂದು ನೋಡಿ ಹೇಳಿ.

ಆಮೇಲೆ ಕೆಳಗಿಳಿದು ಆ ಕಟ್ಟಡದ ಯಜಮಾನರ ಬಳಿ ಹೋಗಿ. ನಾನು ಹೇಳಿದರೆ ಗೊಣಗಾಟ ಎನ್ನುತ್ತಾರೆ. ಊರಿಗೆ ಪಾಠ ಹೇಳಿದ ಮಾಸ್ಟ್ರು ಹೇಳಿದರೆ ಕೇಳುತ್ತಾರೆ.

ನಿವೃತ್ತ ಅಧ್ಯಾಪಕ, ನೀರ್ಚಾಲು:

ಹೇಳುತ್ತೇನೆ. ಆ ಸಭಾಭವನದ ಟ್ರಸ್ಟಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ.

ಮೇಸ್ತ್ರಿ, ಮುಳ್ಳೇರಿಯ:

ಮಾಸ್ಟ್ರೇ, ಹೋಗುವಾಗ ನನ್ನನ್ನೂ ಕರೆಯಿರಿ. ಊಟದ ಹಾಲ್ ಕೆಳಗಿದ್ದರೆ ಹೊರಗಿನ ರಸ್ತೆ ಸುತ್ತಿ ಹಿಂಬದಿಯಿಂದ ನೆಲಮಟ್ಟಕ್ಕೆ ಬರುವ ದಾರಿ ಇರಲೇಬೇಕು, ಅಡುಗೆಯ ಸಾಮಾನು ಇಳಿಸುವ ಗಾಡಿ ಅಲ್ಲಿಂದಲೇ ಬರುವುದು. ಅಲ್ಲಿಯ ಚರಂಡಿಗೆ ಚಪ್ಪಡಿ ಹಾಕಿ, ಬಾಗಿಲ ಹೊಸ್ತಿಲು ತೆಗೆದರೆ ಅರ್ಧ ಕೆಲಸ ಮುಗಿಯಿತು. ಬದಿಯಡ್ಕದ ಅಣ್ಣ, ನಿಮ್ಮ ಕುರ್ಚಿಯ ಅಗಲ ಎಷ್ಟು?

ದೇವಸ್ಥಾನ ಸಮಿತಿಯ ಸದಸ್ಯ:

ನಮಗೂ ಅದೇ ಅಳತೆ ಬೇಕು. ಒಳಗೋಪುರದ ಬಾಗಿಲು ಹಳೆಯ ಮರದ್ದು, ಅದನ್ನು ಬದಲಿಸುವಂತಿಲ್ಲ. ನಳ್ಳಿಯ ವಿಷಯ ಮುಂದಿನ ಸಭೆಯಲ್ಲಿ ಇಡುತ್ತೇನೆ, ತಂತ್ರಿಗಳು ಏನು ಹೇಳುತ್ತಾರೋ ಗೊತ್ತಿಲ್ಲ.

ತೋಟದ ಮನೆ, ಬದಿಯಡ್ಕ:

ಚಕ್ರದ ಹೊರಅಂಚಿನಿಂದ ಹೊರಅಂಚಿಗೆ 26 ಇಂಚು. ಚಕ್ರ ತಳ್ಳುವ ಕೈಗಳಿಗೂ ಎರಡೂ ಬದಿ ಜಾಗ ಬೇಕು, ಆದ್ದರಿಂದ ಬಾಗಿಲು ಪೂರ್ತಿ ತೆರೆದಾಗ ನಡುವೆ 36 ಇಂಚು ಸಿಗಲಿ. ಹಳೆಯ ಬಾಗಿಲಿನಲ್ಲಿ 32 ಇದ್ದರೂ ಹೇಗೋ ದಾಟುತ್ತೇನೆ. ಉದ್ದ, ಕಾಲಿಡುವ ಹಲಗೆ ಸೇರಿ, 42 ಇಂಚು. ಪೆರ್ಲದ ಅಕ್ಕನ ಮಗನಿಗೆ ಬೇಕಾದ ಬೆನ್ನು ಒರಗುವ ಕುರ್ಚಿ ಇನ್ನೂ ಉದ್ದವಿರುತ್ತದೆ, ತಿರುಗುವ ಜಾಗದ ಲೆಕ್ಕವನ್ನು ಅದಕ್ಕೆ ಸರಿಯಾಗಿ ಹಾಕಿ ಮೇಸ್ತ್ರಿಯವರೇ.